ಮರು: ಇನರ್ಟರ್‌ಗೆ ಕನ್ನಡ ಪದ (ಫಲಕ ನಾಳೆ ಅಚ್ಚಿಗೆ)

ನಮಸ್ಕಾರ.

ಕಲಬುರಗಿಯ ಕಾಲೇಜಿನ ಪ್ರದರ್ಶನಕ್ಕೆ ರೇಸ್ ಕಾರಿನ ಸಸ್ಪೆನ್ಷನ್ (ಗಾಲಿಗಳನ್ನು ಕಾರಿನ ಮೈಗೆ ಜೋಡಿಸಿ ಕುಲುಕಾಟ ತಡೆಯುವ ಏರ್ಪಾಡು) ಮಾದರಿ ಮಾಡಿಸುತ್ತಿರುವ ಮೇಷ್ಟ್ರು ಕೇಳಿದ್ದು ಒಂದೇ ಪದ: ಅದರಲ್ಲಿನ ‘ಇನರ್ಟರ್’ ಎಂಬ ಸಾಧನಕ್ಕೆ ಕನ್ನಡ ಹೆಸರು. ಮೂರು ದಿನ ಓಲೆಗಳು ಓಡಾಡಿದರೂ ಫಲಕಕ್ಕೆ ಏರಿಸುವಂಥದ್ದು ಒಂದೂ ಸಿಕ್ಕಿಲ್ಲ.

ಓಲೆಗಳಲ್ಲಿ ಬಂದ ‘ಜೇ-ಅವಮಂದಕ’ ಬೇಡವೇ ಬೇಡ. 2005ರಲ್ಲಿ ಬಾರ್ಸಿಲೋನಾದ ಫಾರ್ಮುಲಾ ಒನ್ ಓಟದಲ್ಲಿ ರೈಕೊನೆನ್ ಗೆದ್ದ ಮೆಕ್‌ಲಾರೆನ್ ಕಾರಿನಲ್ಲಿ ಈ ಸಾಧನವಿತ್ತು. ಎದುರಾಳಿಗಳ ದಾರಿ ತಪ್ಪಿಸಲೆಂದೇ ತಂಡ ಅದನ್ನು ‘ಜೇ-ಡ್ಯಾಂಪರ್’ ಎಂದು ಕರೆಯಿತು. ಮರೆಮಾಚಲು ಇಟ್ಟ ಹೆಸರನ್ನು ಸಂಸ್ಕೃತಕ್ಕೆ ತಿರುಗಿಸಿದರೆ ಆ ಮೋಸವನ್ನೇ ನಮ್ಮ ಮಕ್ಕಳಿಗೂ ದಾಟಿಸಿದಂತೆ. ಎರಡು ತುದಿಗಳ ನಡುವಿನ ಅಂತರ ಬದಲಾದರೆ ಸ್ಪ್ರಿಂಗ್ ಎದುರು ನಿಲ್ಲುತ್ತದೆ, ಆ ಬದಲಾವಣೆಯ ವೇಗಕ್ಕೆ ಡ್ಯಾಂಪರ್ (ಅವಮಂದಕ), ವೇಗೋತ್ಕರ್ಷಕ್ಕೆ, ಕೇಂಬ್ರಿಜ್‌ನ ಮಾಲ್ಕಮ್ ಸ್ಮಿತ್ ರೂಪಿಸಿದ ಇನರ್ಟರ್. ಮೂರೂ ಬೇರೆ ಬೇರೆ.

ಇನರ್ಟರಿನ ಒಳಗಿರುವುದು ಒಂದು ಪುಟ್ಟ ಗಾಲಿ. ದಂಡವನ್ನು ಒತ್ತಿದರೆ ತಿರುಪು ಆ ಗಾಲಿಯನ್ನು ಗಿರ್ರನೆ ತಿರುಗಿಸುತ್ತದೆ. ಕೈಯಲ್ಲಿ ಹಿಡಿದರೆ ಹಗುರ, ದಿಢೀರನೆ ತಳ್ಳಿದರೆ ಮಣಭಾರ. ಟೈರು ಕುಣಿಯದೆ ರಸ್ತೆಯನ್ನು ಹಿಡಿದಿರಲು ಬೇಕಾಗುವುದು ಆ ಭಾರವೇ.

ನಮ್ಮ ಕಡೆ ‘ಜಡ’ ಎಂದರೆ ತೂಕವುಳ್ಳದ್ದು. ತೊಗರಿ ಚೀಲಕ್ಕೆ ಹೆಗಲು ಕೊಟ್ಟ ಹಮಾಲ ‘ಬಹಳ ಜಡ’ ಎನ್ನುತ್ತಾನೆ. ಪಠ್ಯಪುಸ್ತಕದ ‘ಜಡತ್ವ’ವೂ ಅದರ ಪಕ್ಕದಲ್ಲೇ ಇದೆ. ನನ್ನ ಸೂಚನೆ: ‘ಜಡಗಾಲಿ’.

ಸಂಸ್ಕೃತ-ಕನ್ನಡ ಪದಗಳನ್ನು ಬೆರೆಸಿದ ಅರಿಸಮಾಸ ಎಂದು ಬರೆಯಲು ಹೊರಟವರು ಮೊದಲು ‘ಮಳೆಗಾಲ’ವನ್ನು ಬಿಟ್ಟು ಬನ್ನಿ, ಆಮೇಲೆ ಮಾತಾಡೋಣ.

ಇನ್ನು ಲಾರಿಯ ‘ಕಮಾನು’. ಮೇಷ್ಟ್ರ ಕರಡಿನಲ್ಲಿ ಹೋಲಿಕೆಗೆಂದು ಬಂದಿದ್ದ ಈ ಪದವನ್ನು ಪಾರಸಿ ಎಂದು ಹೊಡೆದುಹಾಕಿ, ‘ಲೀಫ್ ಸ್ಪ್ರಿಂಗ್’ ಅನ್ನು ಪದಶಃ ತಿರುಗಿಸಿ ‘ಎಲೆಸುರುಳಿ’ ಮಾಡಿರುವುದು ನನಗೆ ನಿಜಕ್ಕೂ ನೋವು ತಂದಿದೆ. ಅದರಲ್ಲಿ ಎಲೆಯೂ ಇಲ್ಲ, ಸುರುಳಿಯೂ ಇಲ್ಲ. ಹುಮನಾಬಾದ್ ರಸ್ತೆಯ ಯಾವುದಾದರೂ ಗ್ಯಾರೇಜಿಗೆ ಹೋಗಿ ಲಾರಿಯ ಕೆಳಗೆ ಬಗ್ಗಿ ನೋಡಿ: ಗ್ರೀಸು ಮೆತ್ತಿದ ಬಾಗಿದ ಪಟ್ಟಿಗಳು, ಉದ್ದದ್ದರ ಕೆಳಗೆ ಗಿಡ್ಡದ್ದು, ನಡುವೆ ಬಿಗಿದ ಬೋಲ್ಟು. ಪಾರಸಿಯಲ್ಲಿ ಕಮಾನ್ ಎಂದರೆ ಬಿಲ್ಲು. ನಮ್ಮ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿಯಾ ಮಸೀದಿಯಲ್ಲಿ ಸಾಲು ಸಾಲಾಗಿ ನಿಂತಿರುವುದೂ ಕಮಾನುಗಳೇ. ಕಲ್ಲಿರಲಿ ಕಬ್ಬಿಣವಿರಲಿ, ಬಾಗಿ ಭಾರ ಹೊರುವ ವಸ್ತುವಿಗೆ ಈ ಊರು ಒಂದೇ ಹೆಸರು ಕೊಟ್ಟಿದೆ. ಅದನ್ನು ಎರವಲು ಎನ್ನುವವರು ‘ಜಮೀನು’, ‘ಕಚೇರಿ’ಗಳನ್ನೂ ವಾಪಸು ಕೊಡಬೇಕಾಗುತ್ತದೆ.

ಸಸ್ಪೆನ್ಷನ್ ಹಾಗೆಯೇ ಇರಲಿ. ಅನುವಾದ ತಂತ್ರಾಂಶ ಕೊಟ್ಟ ‘ಅಮಾನತು’ ನೌಕರರಿಗೆ ಸಲ್ಲುತ್ತದೆ, ಕಾರಿಗಲ್ಲ.

ಮೇಷ್ಟ್ರೇ, ‘ಜಡಗಾಲಿ’ ಎಂದು ದಪ್ಪಕ್ಷರದಲ್ಲಿ ಹಾಕಿಸಿ, ಅದರ ಕೆಳಗೆ ಸಣ್ಣದಾಗಿ ‘ಇನರ್ಟರ್’ ಇರಲಿ. ಕರಡನ್ನು ಇಂದು ಸಂಜೆಯೊಳಗೆ ಕಳುಹಿಸಿದರೆ ಒತ್ತಕ್ಷರಗಳನ್ನು ತಿದ್ದಿ ರಾತ್ರಿಯೇ ಹಿಂದಿರುಗಿಸುತ್ತೇನೆ.