ಸಹಾಯ ಬೇಕು: 1947ರ ಬೆಂಗಳೂರು ಜೈಲಿನ ರಿಜಿಸ್ಟರ್ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ‘ಮೈಸೂರು ಚಲೋ’ದಲ್ಲಿ, ಅಂದರೆ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ (ಜನಪ್ರತಿನಿಧಿಗಳ ಸರ್ಕಾರ) ಬೇಕೆಂದು 1947ರಲ್ಲಿ ನಡೆದ ಚಳವಳಿಯಲ್ಲಿ, ಜೈಲಿಗೆ ಹೋಗಿದ್ದವರು. ಈಗ ಫ್ರೀಡಂ ಪಾರ್ಕ್ ಆಗಿದೆಯಲ್ಲ, ಆ ಹಳೇ ಸೆಂಟ್ರಲ್ ಜೈಲಿನಲ್ಲೇ ಇದ್ದರಂತೆ. ಮನೆಯಲ್ಲಿ ಉಳಿದಿರುವುದು ಅಲ್ಲಿಂದ ಅಜ್ಜಿಗೆ ಬರೆದ ಒಂದು ಕಾರ್ಡು ಮಾತ್ರ. ಪೆನ್ಸಿಲ್ ಅಕ್ಷರ, ಮೂಲೆಯಲ್ಲಿ ಜೈಲಿನ ಮೊಹರು, ಸೆಪ್ಟೆಂಬರ್ 1947. ಕೈದಿ ನಂಬರ್ ಇದ್ದ ಜಾಗವನ್ನು ಗೆದ್ದಲು ತಿಂದಿದೆ.

ಒಂದು ಕಚೇರಿಯಲ್ಲಿ ಕೇಳಿದರೆ, ‘ಆಗಸ್ಟ್ 15ಕ್ಕೇ ಸ್ವಾತಂತ್ರ್ಯ ಬಂತಲ್ಲ, ಆಮೇಲೆ ಯಾವ ಹೋರಾಟ?’ ಅಂದರು. ಬ್ರಿಟಿಷರು ಹೋದರೂ ಇಲ್ಲಿ ಮಹಾರಾಜರ ಸರ್ಕಾರವೇ ಇತ್ತು, ಅಲ್ವಾ? ಜವಾಬ್ದಾರಿ ಸರ್ಕಾರಕ್ಕಾಗಿ ಜನ ಬೀದಿಗಿಳಿದ ಮೇಲೆಯೇ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂದಿದ್ದು. ಇನ್ನೊಂದು ಕಡೆ ಸುಮ್ನೆ 1942ರ ಪಟ್ಟಿ ತೋರಿಸಿ ಕಳಿಸಿದರು. ಹಳೇ ಪತ್ರಿಕೆಗಳಲ್ಲೂ ನಾಯಕರ ಹೆಸರು ಬಿಟ್ಟರೆ ‘ಇತರರು’ ಅಷ್ಟೇ.

ಪಿಂಚಣಿಗಾಗಿ ಅಲ್ಲ, ತಾತ ಈಗಿಲ್ಲ. ನಂಬರ್ ಇಲ್ಲದೆ, ಬರೀ ಹೆಸರು ಮತ್ತು ತಿಂಗಳು ಹಿಡಿದು ಆ ವರ್ಷದ ಜೈಲು ರಿಜಿಸ್ಟರ್ ನೋಡಬಹುದಾ? ಅದು ರಾಜ್ಯ ಪತ್ರಾಗಾರದಲ್ಲಿದೆಯಾ, ಇಲ್ಲ ಕೈದಿಗಳ ಜೊತೆ ಪರಪ್ಪನ ಅಗ್ರಹಾರಕ್ಕೆ ಹೋಯಿತಾ? ನೋಡಿದವರಿದ್ದರೆ, ಯಾರಿಗೆ ಅರ್ಜಿ ಕೊಡಬೇಕು ಅಂತ ತಿಳಿಸಿ.