ಹಳೆಯ ಇಜೆಬಿಗಳನ್ನು ಆಂಟ್ ಸ್ಕ್ರಿಪ್ಟ್‌ನಿಂದ ವೆಬ್ ಸರ್ವಿಸ್ ಆಗಿ ಕೊಡುವುದು ಹೇಗೆ?

ಪ್ರಶ್ನೆ: ನಮ್ಮ ಹಳೆಯ ಸೆಷನ್ ಬೀನ್‌ಗಳನ್ನು (ಇಜೆಬಿ, ಅಂದರೆ ಸರ್ವರ್ ಒಳಗೆ ಓಡುವ ಜಾವಾ ಕಾಂಪೊನೆಂಟ್‌ಗಳು) ಇನ್ನೊಂದು ತಂಡಕ್ಕೆ ಸೋಪ್ ಸರ್ವಿಸ್ (ಎಕ್ಸ್‌ಎಂಎಲ್ ಸಂದೇಶಗಳಲ್ಲಿ ಮಾತಾಡುವ ವೆಬ್ ಸರ್ವಿಸ್) ಆಗಿ ಕೊಡಬೇಕಿದೆ. ಬಿಲ್ಡ್ ಪೂರ್ತಿ ಆಂಟ್ ಎಂಬ ಬಿಲ್ಡ್ ಟೂಲ್‌ನಲ್ಲಿದೆ, ಜಾವಾ ಸರ್ವರ್ ವೈಲ್ಡ್‌ಫ್ಲೈ 26. ಜಾವಾ 8ರಿಂದ 11ಕ್ಕೆ ಬಂದ ಮೇಲೆ ಸರ್ವಿಸ್‌ನ ಫೈಲ್‌ಗಳನ್ನು ತಯಾರಿಸುವ ಡಬ್ಲ್ಯೂಎಸ್‌ಜೆನ್ ಟಾಸ್ಕ್ ಓಡುತ್ತಿಲ್ಲ. ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ: ಜಾವಾ 11ರಲ್ಲಿ ಜಾಕ್ಸ್-ಡಬ್ಲ್ಯೂಎಸ್ (ಸೋಪ್ ಸರ್ವಿಸ್‌ಗಳ ಜಾವಾ ಎಪಿಐ) ಅನ್ನೇ ಜೆಡಿಕೆಯಿಂದ (ಜಾವಾ ಡೆವಲಪ್‌ಮೆಂಟ್ ಕಿಟ್) ತೆಗೆದುಹಾಕಿದ್ದಾರೆ. ಡಬ್ಲ್ಯೂಎಸ್‌ಜೆನ್, ಡಬ್ಲ್ಯೂಎಸ್‌ಇಂಪೋರ್ಟ್ ಎರಡೂ ಅದರ ಜೊತೆ ಹೋದವು. ಆದರೆ ನಿಮಗೆ ಆ ಟಾಸ್ಕ್ ಬೇಕೇ ಇಲ್ಲ. 2006ರ ಜಾವಾ ಇಇ 5ರಿಂದಲೇ ಸ್ಟೇಟ್‌ಲೆಸ್ ಬೀನ್ (ಕರೆಗಳ ನಡುವೆ ಕ್ಲೈಂಟ್‌ನ ಮಾಹಿತಿ ನೆನಪಿಡದ ಬೀನ್) ಮೇಲೆ ವೆಬ್‌ಸರ್ವಿಸ್ ಆ್ಯನೊಟೇಶನ್ ಹಾಕಿದರೆ ಸಾಕು, ಡಬ್ಲ್ಯೂಎಸ್‌ಡಿಎಲ್ (ಸರ್ವಿಸ್ ಅನ್ನು ವಿವರಿಸುವ ಎಕ್ಸ್‌ಎಂಎಲ್ ಫೈಲ್) ಅನ್ನು ಸರ್ವರೇ ಕೊಡುತ್ತದೆ. ಕಂಪೈಲ್ ಮಾಡಲು ಮಾತ್ರ ಎಪಿಐ ಜಾರ್‌ಗಳು ಕ್ಲಾಸ್‌ಪಾತ್‌ನಲ್ಲಿರಲಿ. ಅವು ವೈಲ್ಡ್‌ಫ್ಲೈ ಮಾಡ್ಯೂಲ್ಸ್ ಫೋಲ್ಡರ್‌ನಲ್ಲೇ ಸಿಗುತ್ತವೆ, ನಿಮ್ಮ ಜಾರ್ ಒಳಗೆ ಸುಮ್ನೆ ತುಂಬಬೇಡಿ. ಕ್ಲೈಂಟ್ ಕೋಡ್ ಬೇಕಾದರೆ ಸರ್ವರ್‌ನ ಬಿನ್ ಫೋಲ್ಡರ್‌ನಲ್ಲಿ ಡಬ್ಲ್ಯೂಎಸ್‌ಕನ್ಸ್ಯೂಮ್ ಇದೆ. ಕ್ಲೈಂಟ್‌ನ ಮಾಹಿತಿ ನೆನಪಿಡುವ ಸ್ಟೇಟ್‌ಫುಲ್ ಬೀನ್ ಇದ್ದರೆ ಈ ದಾರಿ ನಡೆಯುವುದಿಲ್ಲ. ಅದರ ಮುಂದೆ ಒಂದು ಚಿಕ್ಕ ಸ್ಟೇಟ್‌ಲೆಸ್ ಬೀನ್ ಬರೆದು ಅದನ್ನು ಹೊರಗೆ ಕೊಡಿ.

ಉತ್ತರ: ಮೇಲೆ ಹೇಳಿದ್ದು ಸರಿ. ನನ್ನ ಮಟ್ಟಿಗೆ ಜಾಸ್ತಿ ಕಾಡುವುದು ಡಿಪ್ಲಾಯ್ ಹಂತ. ಹೊರಗಿನ ಕಮಾಂಡ್ ಓಡಿಸುವ ಆಂಟ್‌ನ ಎಕ್ಸೆಕ್ ಟಾಸ್ಕ್‌ನಲ್ಲಿ ಫೇಲ್‌ಆನ್‌ಎರರ್ (ಕಮಾಂಡ್ ಸೋತರೆ ಬಿಲ್ಡ್ ನಿಲ್ಲಿಸುವ ಆಯ್ಕೆ) ತಾನಾಗಿ ಆನ್ ಇರುವುದಿಲ್ಲ. ಜೆಬಾಸ್-ಸಿಎಲ್‌ಐ (ವೈಲ್ಡ್‌ಫ್ಲೈನ ಕಮಾಂಡ್ ಲೈನ್ ಟೂಲ್) ಸೋತು ಮರಳಿದರೂ ಬಿಲ್ಡ್ ಸಕ್ಸಸ್‌ಫುಲ್ ಅಂತಲೇ ತೋರಿಸುತ್ತದೆ. ಅದನ್ನು ಮೊದಲು ಟ್ರೂ ಮಾಡಿ. ಡಿಪ್ಲಾಯ್ ಕಮಾಂಡ್‌ಗೆ ಫೋರ್ಸ್ ಆಯ್ಕೆ ಕೊಟ್ಟರೆ ಹಳೆಯ ಜಾರ್ ಜಾಗಕ್ಕೆ ಹೊಸದು ಬರುತ್ತದೆ. ಆಮೇಲೆ ಆಂಟ್‌ನ ವೇಟ್‌ಫಾರ್ ಟಾಸ್ಕ್‌ನಲ್ಲಿ ಎಚ್‌ಟಿಟಿಪಿ ಕಂಡೀಷನ್ ಇಟ್ಟು ಡಬ್ಲ್ಯೂಎಸ್‌ಡಿಎಲ್ ವಿಳಾಸ ಕೇಳಿಸಿ. ಸಮಯ ಮೀರಿದರೆ ಬಿಲ್ಡ್ ಫೇಲ್ ಆಗಲಿ. ಸರ್ವಿಸ್ ನಿಜವಾಗಿ ಎದ್ದಿದೆಯೋ ಇಲ್ಲವೋ ಅನ್ನುವುದು ಸ್ಕ್ರಿಪ್ಟ್‌ಗೇ ಗೊತ್ತಾಗಬೇಕು, ಅಲ್ವಾ? ಯಾವ ವಿಳಾಸ ಅಂತ ಹುಡುಕಾಡಬೇಡಿ, ಡಿಪ್ಲಾಯ್ ಆಗುವಾಗ ಸರ್ವರ್ ಲಾಗ್‌ನಲ್ಲೇ ಬರುತ್ತದೆ.

ಉತ್ತರ: ಇನ್ನೊಂದು ಮಾತು. ಸರ್ವರ್ ಮುಂದೆ ಲೋಡ್ ಬ್ಯಾಲೆನ್ಸರ್ ಇದೆಯಾ? ಹಾಗಿದ್ದರೆ ಡಬ್ಲ್ಯೂಎಸ್‌ಡಿಎಲ್ ತೆರೆದು ಕೊನೆಯಲ್ಲಿರುವ ವಿಳಾಸ ನೋಡಿ. ವೈಲ್ಡ್‌ಫ್ಲೈ ಅಲ್ಲಿ ತನ್ನದೇ ಹೋಸ್ಟ್ ಹೆಸರು ಬರೆದಿರುತ್ತದೆ. ಏನೂ ಬದಲಿಸದಿದ್ದರೆ ಅದು 127.0.0.1, ಅಂದರೆ ಆಯಾ ಮಷೀನೇ; ಆ ತಂಡದವರ ಕ್ಲೈಂಟ್ ಅದನ್ನೇ ಹುಡುಕಿಕೊಂಡು ಹೋಗುತ್ತದೆ. ವೈಲ್ಡ್‌ಫ್ಲೈ ಕಾನ್ಫಿಗರೇಶನ್‌ನ ವೆಬ್‌ಸರ್ವಿಸಸ್ ಸಬ್‌ಸಿಸ್ಟಮ್‌ನಲ್ಲಿ ಡಬ್ಲ್ಯೂಎಸ್‌ಡಿಎಲ್-ಹೋಸ್ಟ್‌ಗೆ ಹೊರಗಿನ ಹೆಸರು ಕೊಡಿ. ಇದನ್ನು ಕೈಯಲ್ಲಿ ಬದಲಿಸಬೇಡಿ, ಅದೇ ಸಿಎಲ್‌ಐ ಸ್ಕ್ರಿಪ್ಟ್‌ಗೆ ಸೇರಿಸಿ. ಇಲ್ಲದಿದ್ದರೆ ಹೊಸ ಮಷೀನ್ ಬಂದಾಗ ಯಾರಿಗೂ ನೆನಪಿರುವುದಿಲ್ಲ. ಮುಂದೆ ವೈಲ್ಡ್‌ಫ್ಲೈ 27ಕ್ಕೆ ಹೋಗುವ ಯೋಚನೆ ಇದ್ದರೆ ಇಂಪೋರ್ಟ್‌ಗಳ ಪ್ಯಾಕೇಜ್ ಹೆಸರಿನಲ್ಲಿ ಜಾವಾಎಕ್ಸ್ ಬದಲು ಜಕಾರ್ತಾ ಬರಬೇಕು. ಅದನ್ನು ಈ ಕೆಲಸದ ಜೊತೆ ಬೆರೆಸಬೇಡಿ, ಸರ್ವಿಸ್ ನೆಲೆಯೂರಿದ ಮೇಲೆ ಬೇರೆಯಾಗಿ ಮಾಡಿ.