30 ವರ್ಷ ದಾಟೋದ್ರೊಳಗೆ ಫೋಟೊ, ಕಥೆ ಎಲ್ಲೆಲ್ಲಿ ಕಳಿಸಬಹುದು?

ಆನೆಗೊಂದಿ_ಬೆಳಕು ಕೇಳಿದ್ದು:

ನಾವಿಬ್ಬರು, ಊರು ಗಂಗಾವತಿ. ಒಬ್ಬರಿಗೆ 24 ವರ್ಷ, ಫೋಟೊಗ್ರಫಿ. ಇನ್ನೊಬ್ಬರಿಗೆ 22, ಕನ್ನಡದಲ್ಲಿ ಕಥೆ, ಲೇಖನ. ಪುಸ್ತಕ ಇನ್ನೂ ಬಂದಿಲ್ಲ. ಹಿರೇಬೆಣಕಲ್ಲಿನ ಶಿಲಾಸಮಾಧಿಗಳ ಚಿತ್ರಗಳಿವೆ, ಕಿನ್ನಾಳದ ಗೊಂಬೆ ಕೆಲಸದ ಚಿತ್ರಸರಣಿ ಅರ್ಧ ಆಗಿದೆ. ಪ್ರವೇಶ ಶುಲ್ಕಕ್ಕೆ ಹೆಚ್ಚು ದುಡ್ಡು ಹಾಕೋಕೆ ಆಗಲ್ಲ. ಯಾವುದಕ್ಕೆ ಮೊದಲು ಅರ್ಜಿ ಹಾಕಬೇಕು? ಫೈಲ್ ಹೇಗೆ ಸಿದ್ಧ ಮಾಡಬೇಕು? "ನಿಮ್ಮ ಚಿತ್ರ ಆಯ್ಕೆಯಾಗಿದೆ, ಪುಸ್ತಕದಲ್ಲಿ ಬರಬೇಕಂದ್ರೆ ಇಷ್ಟು ಕಟ್ಟಿ" ಅನ್ನೋ ಸಂದೇಶಗಳನ್ನು ನಂಬಬಹುದಾ?

ರಾಯಚೂರು_ಓದುಮನೆ:

ಮೊದಲು ವಯಸ್ಸಿನ ಲೆಕ್ಕ ಹಾಕಿ. ಒಳ್ಳೆಯ ಕಥೆ ಮುಂದಿನ ವರ್ಷವೂ ಒಳ್ಳೆಯದೇ, ಆದರೆ ವಯೋಮಿತಿ ದಾಟಿದರೆ ಆ ಬಾಗಿಲು ಮತ್ತೆ ತೆರೆಯಲ್ಲ.

24ರವರಿಗೆ ಅತಿ ಹತ್ತಿರ ಇರೋ ಗಡುವು ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ವಿದ್ಯಾರ್ಥಿವೇತನದ್ದು. 18ರಿಂದ 25 ವರ್ಷದವರಿಗೆ, ತಿಂಗಳಿಗೆ ₹5,000, ಎರಡು ವರ್ಷ. ದೃಶ್ಯಕಲೆಯ ಪಟ್ಟಿಯಲ್ಲಿ ಸೃಜನಶೀಲ ಫೋಟೊಗ್ರಫಿಯೂ ಇದೆ. ಆದರೆ ಗುರು ಅಥವಾ ಸಂಸ್ಥೆಯಲ್ಲಿ ಕನಿಷ್ಠ 5 ವರ್ಷ ಕಲಿತ ಪ್ರಮಾಣಪತ್ರ ಕೇಳುತ್ತಾರೆ. ತಾವೇ ಕಲಿತವರು ಬಿದ್ದುಹೋಗೋದು ಇಲ್ಲೇ. ಆ ಪತ್ರ ಇಲ್ಲದಿದ್ದರೆ ಇದರ ಮೇಲೆ ಸಮಯ ಕಳೆಯಬೇಡಿ.

ನಿಮ್ಮಿಬ್ಬರಿಗೂ ಒಟ್ಟಿಗೆ ಹೊಂದೋದು ಬೆಂಗಳೂರಿನ ಟೋಟೊ ಫಂಡ್ಸ್ ದಿ ಆರ್ಟ್ಸ್. ಮೂವತ್ತರೊಳಗಿನವರಿಗಾಗಿಯೇ ಇರುವ ಸಂಸ್ಥೆ ಅದು. ಕನ್ನಡ ಸೃಜನಶೀಲ ಬರವಣಿಗೆಗೆ, ಫೋಟೊಗ್ರಫಿಗೆ ಬೇರೆ ಬೇರೆ ಪ್ರಶಸ್ತಿ ಕೊಡುತ್ತ ಬಂದಿದ್ದಾರೆ. ಬಿಡಿ ಚಿತ್ರಕ್ಕಿಂತ ಒಂದು ವಿಷಯದ ಸುತ್ತ ನಿಂತ ಸರಣಿ ಕಳಿಸಿ.

ಬರೆಯೋರು ಎರಡು ಯೋಜನೆಗಳನ್ನು ಬೆರೆಸಿಕೊಳ್ಳಬಾರದು. ನ್ಯಾಷನಲ್ ಬುಕ್ ಟ್ರಸ್ಟ್ ನಡೆಸುವ ಪಿಎಂ-ಯುವ 30ರವರೆಗಿನವರಿಗೆ. ಆಯ್ಕೆಯಾದರೆ ತಿಂಗಳಿಗೆ ₹50,000ದಂತೆ 6 ತಿಂಗಳು, ಪುಸ್ತಕ ಬಂದ ಮೇಲೆ 10% ರಾಯಲ್ಟಿ. 2025ರಲ್ಲಿ ಬಂದ ಮೂರನೇ ಆವೃತ್ತಿ ಕಥೇತರ ಬರಹಕ್ಕೆ ಮಾತ್ರ ಇತ್ತು. ಅಲ್ಲಿ ಸಾರಾಂಶ, ಅಧ್ಯಾಯಗಳ ಯೋಜನೆ, ಮಾದರಿ ಅಧ್ಯಾಯ ಸೇರಿ 10,000 ಪದಗಳ ಲೆಕ್ಕ, ಮೇಲೆ ಆಕರಸೂಚಿ ಕೇಳಿದ್ದರು. ಕಥೆ ಕಳಿಸಿದರೆ ತೆಗೆದೇ ನೋಡಲ್ಲ. ಕಥಾಸಂಕಲನಕ್ಕೆ ಇರೋದು ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನ, 18ರಿಂದ 35. "ಚೊಚ್ಚಲ" ಅನ್ನೋ ಪದವನ್ನು ಅವರು ಪದಶಃ ತಗೋತಾರೆ. ಸ್ನೇಹಿತರ ಒತ್ತಾಯಕ್ಕೆ 40 ಪುಟದ ಕವನಪುಸ್ತಿಕೆ ಒಂದು ಅಚ್ಚು ಹಾಕಿಸಿದರೂ ಅರ್ಹತೆ ಹೋಗುತ್ತೆ. ಪುಸ್ತಕ ಬಂದ ಮೇಲಿನ ಮಾತು ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ: 35ರವರೆಗೆ, ₹50,000.

ಬಳ್ಳಾರಿ_ಡಾರ್ಕ್‌ರೂಮ್:

ಫೋಟೊ ಬಗ್ಗೆ ಬರೀತೀನ್ರಿ. ಶುಲ್ಕ ಇಲ್ಲದವು ಮೊದಲು. ಸೋನಿ ವರ್ಲ್ಡ್ ಫೋಟೊಗ್ರಫಿ ಅವಾರ್ಡ್ಸ್ ಪ್ರವೇಶ ಉಚಿತ. ಓಪನ್ ವಿಭಾಗಕ್ಕೆ ಬಿಡಿ ಚಿತ್ರ ಸಾಕು, ಪ್ರೊಫೆಷನಲ್‌ಗೆ 5ರಿಂದ 10 ಚಿತ್ರಗಳ ಸರಣಿ. ಹೆಸರು ಪ್ರೊಫೆಷನಲ್ ಅಂತ ಹೆದರಬ್ಯಾಡ್ರಿ, ನಿಮ್ಮ ಕಿನ್ನಾಳ ಸರಣಿ ಹೋಗಬೇಕಾದ್ದು ಅಲ್ಲಿಗೇ. ಯೂತ್ ವಿಭಾಗ 19ಕ್ಕೇ ಮುಗೀತದ. ಇನ್ನೊಂದು ವಿಕಿ ಲವ್ಸ್ ಮಾನ್ಯುಮೆಂಟ್ಸ್, ವಿಕಿಪೀಡಿಯಾ ಬಳಗದ ಸ್ಮಾರಕ ಚಿತ್ರಗಳ ಸ್ಪರ್ಧೆ, ಸೆಪ್ಟೆಂಬರ್‌ದಾಗ ನಡೀತದ. ಆ ವರ್ಷ ಭಾರತ ಭಾಗವಹಿಸಿದೆಯೇ ನೋಡಿಕೊಂಡು ಹಾಕ್ರಿ. ಅಲ್ಲಿ ಚಿತ್ರ ಏರಿಸಿದರೆ ಮುಕ್ತ ಪರವಾನಗಿ. ಹೆಸರು ಹೇಳಿ ಯಾರು ಬೇಕಾದರೂ ವ್ಯಾಪಾರಕ್ಕೂ ಬಳಸಬಹುದು, ಹಿಂದಕ್ಕೆ ತಗೊಳ್ಳಾಕ ಬರಂಗಿಲ್ಲ. ಸರಣಿಯ ಮುಖ್ಯ ಚಿತ್ರ ಅಲ್ಲಿ ಹಾಕಬ್ಯಾಡ್ರಿ, ಅದೇ ಜಾಗದ ಬೇರೆ ಫ್ರೇಮ್ ಹಾಕ್ರಿ.

ಫಿಯಾಪ್ (ಅಂತರರಾಷ್ಟ್ರೀಯ ಫೋಟೊಗ್ರಫಿ ಒಕ್ಕೂಟ) ಮಾನ್ಯತೆಯ ಸಲೋನ್‌ಗಳಿಗೆ, ಅಂದ್ರ ಪ್ರದರ್ಶನ-ಸ್ಪರ್ಧೆಗಳಿಗೆ, ಶುಲ್ಕ ಇರತದ, ಅದು ಮೋಸ ಅಲ್ಲ. ಅಲ್ಲಿ ಸಿಗೋದು ಹಣಕ್ಕಿಂತ ಸ್ವೀಕೃತಿ, ಅಂದ್ರ ಚಿತ್ರ ಪ್ರದರ್ಶನಕ್ಕ ಆಯ್ಕೆ ಆಗೋದು. ಸ್ವೀಕೃತಿಗಳು ಕೂಡಿದರೆ ಮುಂದೆ ಫಿಯಾಪ್ ಪದವಿ. ಕೈಯಾಗ ದುಡ್ಡು ಕಡಿಮೆ ಇದ್ದಾಗ ವರ್ಷಕ್ಕೆ ಒಂದೋ ಎರಡೋ ಸಾಕು. ಅಲ್ಲಿ ಹೊಸಬರು ಎಡವೋದು ಅಳತೆಯಲ್ಲಿ. ಸಾಮಾನ್ಯ ಮಿತಿ ಅಗಲ 1920, ಎತ್ತರ 1080 ಪಿಕ್ಸೆಲ್. ನಿಂತ ಚಿತ್ರವನ್ನ ತಿರುಗಿಸಿ ಎತ್ತರ 1920 ಇಡ್ತಾರ. ಹಂಗಲ್ಲ, ನಿಂತ ಚಿತ್ರಕ್ಕೂ ಎತ್ತರ 1080 ದಾಟಬಾರದು. ಫೈಲಿನ ಬಣ್ಣದ ಸೆಟ್ಟಿಂಗ್ (ಕಲರ್ ಸ್ಪೇಸ್) ಎಸ್‌ಆರ್‌ಜಿಬಿ ಇರಲಿ. ಅಡೋಬ್ ಆರ್‌ಜಿಬಿಯಲ್ಲಿ ಬಿಟ್ಟರೆ ತೀರ್ಪುಗಾರರ ಪರದೆ ಮ್ಯಾಲೆ ಚರ್ಮದ ಬಣ್ಣ ಸತ್ತಂಗ ಕಾಣತದ. ಅಂಚು, ಸಹಿ, ವಾಟರ್‌ಮಾರ್ಕ್ ಏನೂ ಬ್ಯಾಡ. ನೇಚರ್ ವಿಭಾಗದಾಗ ಅಡ್ಡ ಬಂದ ಒಂದು ಕಡ್ಡಿ ಅಳಿಸಿದರೂ ಅನರ್ಹ.

ಚಿತ್ರ ತೆಗೆದ ದಿನದ ರಾ ಫೈಲ್ (ಕ್ಯಾಮೆರಾದಾಗ ಬಂದ ಮೂಲ ಫೈಲ್) ಅಳಿಸಬ್ಯಾಡ್ರಿ. ದೊಡ್ಡ ಸ್ಪರ್ಧೆಗಳು ಕೊನೇ ಸುತ್ತಿನಾಗ ಮೂಲ ಫೈಲ್ ಕೇಳ್ತಾವ. ವಾಟ್ಸಾಪ್‌ನಾಗ ಫೋಟೊ ಅಂತ ಕಳಿಸಿದರೆ ಅಳತೆ ಕುಗ್ಗತದ, ಎಕ್ಸಿಫ್ ಮಾಹಿತಿನೂ (ತೆಗೆದ ದಿನ, ಕ್ಯಾಮೆರಾ ವಿವರ) ಹೋಗತದ. ಕಳಿಸಲೇಬೇಕಂದ್ರ ಡಾಕ್ಯುಮೆಂಟ್ ಅಂತ ಕಳಿಸ್ರಿ.

ಸರಣಿ ಬಗ್ಗೆ ಒಂದು ಮಾತು. ಗೊಂಬೆಯ ಸಿದ್ಧರೂಪದ ಹತ್ತು ಚಿತ್ರ ಇಟ್ಟರೆ ಅದು ಅಂಗಡಿಯ ಪಟ್ಟಿ ಆಗತದ. ಹಗುರ ಮರದ ತುಂಡು, ಕೆತ್ತೋ ಉಳಿ, ಹುಣಸೆಬೀಜದ ಅಂಟು ಹಚ್ಚಿ ಸಂದು ಮುಚ್ಚೋ ಬೆರಳು, ಆ ಬೆರಳಿನ ಉಗುರಿನೊಳಗ ಒಣಗಿ ಕುಂತ ಬಣ್ಣ, ಅರ್ಧ ಬಣ್ಣದ ಗರುಡ, ಆಮೇಲೆ ಮನುಷ್ಯರ ಮುಖ. ದೂರ, ನಡು, ಹತ್ತಿರ ಮೂರೂ ಇರಲಿ. ಎರಡು ಚಿತ್ರ ಒಂದೇ ಮಾತು ಹೇಳಿದರೆ ಒಂದನ್ನ ಕಿತ್ತು ಹಾಕ್ರಿ, ಎಷ್ಟೇ ಚಂದ ಇದ್ದರೂ. ಗೊಂಬೆ ಮಾಡೋ ಮನೆಯವರಿಂದ ಕನ್ನಡದಾಗ ಒಂದು ಒಪ್ಪಿಗೆ ಪತ್ರ ತಗೊಳ್ರಿ, ಮಕ್ಕಳಿದ್ದರೆ ತಂದೆ ಅಥವಾ ತಾಯಿ ಸಹಿ. ಹಿರೇಬೆಣಕಲ್ಲಿಗೆ ಚಳಿಗಾಲದ ಬೆಳಗಿನ ಓರೆ ಬಿಸಿಲು ಬೇಕು. ಚಪ್ಪಡಿಯ ದುಂಡು ಕಂಡಿ ಒಳಗ ಬೆಳಕು ಹೊಕ್ಕಾಗಲೇ ಅದರ ಆಳ ತಿಳಿಯೋದು. ನಡುಮಧ್ಯಾಹ್ನ ತೆಗೆದರೆ ಬರೇ ಕಲ್ಲಿನ ರಾಶಿ. ಸಂರಕ್ಷಿತ ಸ್ಮಾರಕದಾಗ ಡ್ರೋನ್, ಟ್ರೈಪಾಡ್‌ಗೆ ಮೊದಲೇ ಅನುಮತಿ ಕೇಳ್ರಿ.

ಸಿಂಧನೂರು_ಕರಡು:

ಕಥೆ ಕಳಿಸುವವರಿಗೆ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಕಳಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ನಲ್ಲೇ ಬರೆಯಿರಿ, ಜೊತೆಗೆ ಪಿಡಿಎಫ್ ಕೂಡ ಇಡಿ. ಹಳೆಯದನ್ನು ಪರಿವರ್ತಿಸಿದರೆ ಇಡೀ ಕಥೆ ಮತ್ತೊಮ್ಮೆ ಓದಲೇಬೇಕು, ಅರ್ಕಾವತ್ತು ಮತ್ತು ಒತ್ತಕ್ಷರ ಅಲ್ಲೇ ಕೆಡುತ್ತವೆ. ಇನ್ನೊಂದು ಕಣ್ಣಿಗೆ ಬೀಳದ ತಪ್ಪು: ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು. "ಕರ್ನಾಟಕ" ಹೋಗಿ "ಕನಾ೯ಟಕ" ಆಗಿರುತ್ತೆ. ಅನುಸ್ವಾರದ ಜಾಗದಲ್ಲಿ ಸೊನ್ನೆಯೂ ಹೀಗೇ ಸೇರಿಕೊಳ್ಳುತ್ತೆ. ಫೈಲಿನಲ್ಲಿ ೯ ಮತ್ತು ೦ ಹುಡುಕಿ ಒಂದೊಂದಾಗಿ ತಿದ್ದಿ.

ಹೆಸರು ಮುಚ್ಚಿ ಓದುವ ಸ್ಪರ್ಧೆಗಳಲ್ಲಿ ಹೆಸರು, ವಿಳಾಸ ಪ್ರತ್ಯೇಕ ಹಾಳೆಯಲ್ಲಿ ಮಾತ್ರ. ಪುಟದ ತಲೆಯಲ್ಲೋ ಫೈಲಿನ ಹೆಸರಲ್ಲೋ ಉಳಿದುಬಿಟ್ಟರೆ ಕಥೆ ಹೊರಗೆ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಂಥ ಕಡೆ ಅಪ್ರಕಟಿತ ಕಥೆಯೇ ಬೇಕು, ಫೇಸ್‌ಬುಕ್ಕಿನಲ್ಲಿ ಹಾಕಿದ್ದನ್ನೂ ಪ್ರಕಟಿತ ಎಂದೇ ಎಣಿಸಿಕೊಳ್ಳಿ. ಫಲಿತಾಂಶ ಬರುವವರೆಗೆ ಅದೇ ಕಥೆ ಬೇರೆಡೆಗೆ ಕಳಿಸಬೇಡಿ. ಯಾವ ಕಥೆ, ಎಲ್ಲಿಗೆ, ಯಾವ ದಿನ ಅಂತ ಒಂದು ನೋಟ್‌ಬುಕ್ ಇಡಿ.

ದುಡ್ಡು ಕೇಳುವ ಸಂದೇಶಗಳ ಬಗ್ಗೆ: ಶುಲ್ಕ ಮೊದಲೇ ನಿಯಮದಲ್ಲಿ ಬರೆದಿದ್ದರೆ ಅದು ಸ್ಪರ್ಧೆ. "ಗೆದ್ದಿದ್ದೀರಿ" ಎಂದು ಹೇಳಿ ಆಮೇಲೆ ಕೇಳಿದರೆ ಅದು ಪುಸ್ತಕ ಮಾರುವ ವ್ಯಾಪಾರ, ಕಟ್ಟಬೇಡಿ. ಹಕ್ಕಿನ ಸಾಲನ್ನೂ ಓದಿ. "ಪ್ರದರ್ಶನಕ್ಕೆ, ಪ್ರಚಾರಕ್ಕೆ ಬಳಸುತ್ತೇವೆ" ಅಂದರೆ ಸರಿ. "ಬಂದ ಎಲ್ಲ ಚಿತ್ರಗಳ ಪೂರ್ಣ ಹಕ್ಕು ನಮ್ಮದು" ಅಂದರೆ ಬಿಟ್ಟುಬಿಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿ, ನಿಮ್ಮ ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ವ್ಯಾಪ್ತಿ ಬರೆಯದಿದ್ದರೆ ಭಾರತಕ್ಕೆ ಮಾತ್ರ.

ಆನೆಗೊಂದಿ_ಬೆಳಕು:

ತುಂಬಾ ಉಪಯೋಗ ಆಯ್ತು. ಕಿನ್ನಾಳ ಸರಣಿ ಮುಗಿಸೋಕೆ ಅನುದಾನ ಕೇಳಬಹುದಾ? ಇಂಗ್ಲಿಷ್‌ನಲ್ಲಿ ಪ್ರಸ್ತಾವ ಬರೆಯೋದು ಕಷ್ಟ.

ರಾಯಚೂರು_ಓದುಮನೆ:

ಕೇಳಬಹುದು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಭಾರತದ ಯಾವ ಭಾಷೆಯಲ್ಲಾದರೂ ಪ್ರಸ್ತಾವ ತಗೊಳ್ಳುತ್ತೆ, ಕನ್ನಡದಲ್ಲೇ ಬರೆಯಿರಿ. "ಅಳಿಯುತ್ತಿರುವ ಕಲೆಯನ್ನು ಉಳಿಸುವುದು" ಅಂತ ಶುರು ಮಾಡಬೇಡಿ, ಅದರಿಂದ ನಿಮ್ಮ ಪ್ರಶ್ನೆ ಏನು ಅಂತ ಗೊತ್ತಾಗಲ್ಲ. ಆ ಮನೆಗಳಲ್ಲಿ ಕೆತ್ತನೆ ಯಾರು ಮಾಡ್ತಾರೆ, ಬಣ್ಣ ಯಾರು ಹಚ್ತಾರೆ, ಕೂಲಿ ಹೇಗೆ ಹಂಚಿಕೆ ಆಗುತ್ತೆ, ಇಂಥ ಒಂದು ಪ್ರಶ್ನೆ ಹಿಡಿಯಿರಿ. ನಿಮ್ಮಲ್ಲಿ ಒಬ್ಬರು ಬರೆಯುವವರೂ ಇರೋದರಿಂದ ಚಿತ್ರ ಮತ್ತು ಬರಹ ಎರಡನ್ನೂ ಒಂದೇ ಕೆಲಸವಾಗಿ ತೋರಿಸಿ, ಇದು ನಿಮಗಿರೋ ದೊಡ್ಡ ಬಲ.

ಬಜೆಟ್ಟಿನಲ್ಲಿ "ಪ್ರಯಾಣ" ಅಂತ ಒಂದೇ ಮೊತ್ತ ಬರೆಯಬೇಡಿ. ಗಂಗಾವತಿಯಿಂದ ಕೊಪ್ಪಳ, ಅಲ್ಲಿಂದ ಕಿನ್ನಾಳ, ಎಷ್ಟು ಸಲ, ಇಬ್ಬರಿಗೆ ಎಷ್ಟು ಅಂತ ಬಿಡಿಸಿ. ಕೆಲಸ ನಿಲ್ಲಿಸಿ ನಿಮ್ಮ ಜೊತೆ ಕೂರುವ ಕುಶಲಕರ್ಮಿಗಳ ದಿನದ ಕೂಲಿ, ಪ್ರಿಂಟ್, ಒಂದು ಹೆಚ್ಚುವರಿ ಹಾರ್ಡ್‌ಡಿಸ್ಕ್, ನಿಮ್ಮಿಬ್ಬರ ಗೌರವಧನ ಎಲ್ಲವೂ ಬೇರೆ ಬೇರೆ ಸಾಲಿನಲ್ಲಿರಲಿ. ಹೊಸ ಕ್ಯಾಮೆರಾ ಖರೀದಿ ಹಾಕಬೇಡಿ, ಬೇಕಾದ ಲೆನ್ಸಿನ ಬಾಡಿಗೆ ಹಾಕಿ. ಈಗಾಗಲೇ ಆಗಿರೋ ಅರ್ಧ ಸರಣಿಯಿಂದ 10–12 ಚಿತ್ರ, ಪ್ರತಿ ಚಿತ್ರಕ್ಕೆ ಎರಡು ಸಾಲಿನ ವಿವರ ಲಗತ್ತಿಸಿ.